ಅಜ್ಜಿ ಸುಳ್ಳು ಹೇಳಿರಲಿಲ್ಲ: 1975ರಲ್ಲಿ ರಾಯಚೂರು ಕಡೆ ಹಳ್ಳಿಗೆ ಬಂದ ಟಿವಿ

ಭಾಗ 1

ದೋಸ್ತರೇ, ಈ ಸಲ ಹಂಪಿ ಕಲ್ಲಿನ ಕಥೆ ಅಲ್ಲ, ಟಿವಿ ಕಥೆ.

"ನಾನು ಮದುವೆಗೆ ಮುಂಚೇನೇ ಟಿವಿ ನೋಡೀನಿ" ಅಂತ ನಮ್ಮಜ್ಜಿ ಹೇಳಿದಾಗೆಲ್ಲಾ ಮನೇಲಿ ಎಲ್ಲರೂ ನಗ್ತಿದ್ವಿ. ಅಜ್ಜಿ ಮದುವೆಯಾಗಿ ಕಡ್ಡಿರಾಂಪುರಕ್ಕೆ ಬಂದಿದ್ದು 1977ರಲ್ಲಿ. ತವರು ರಾಯಚೂರು ಹತ್ರ ಒಂದು ಸಣ್ಣ ಹಳ್ಳಿ. ಬೆಂಗಳೂರಿಗೇ ದೂರದರ್ಶನ ಬಂದಿದ್ದು 1981ರಲ್ಲಿ. ಅದಕ್ಕೂ ಮೊದಲು ಆ ಹಳ್ಳೀಲಿ ಟಿವಿ ಅಂದ್ರೆ ಯಾರು ನಂಬ್ತಾರೆ ಹೇಳಿ?

ಅಜ್ಜಿ ಮಾತು ಹೀಗಿರ್ತಿತ್ತು: "ಸಾಲಿ ಮ್ಯಾಲೆ ಕೋಳಿ ಬಲೆ ಹಂಗಿದ್ದ ದೊಡ್ಡ ಛತ್ರಿ ಕಟ್ಟಿದ್ರು. ಸಂಜೀಕ ಊರಿಗೆ ಊರೇ ಅಂಗಳದಾಗ ಕುಂದರ್ತಿತ್ತು. ಒಂದು ವರ್ಷ ಆತು, ಬಂದ್ ಆತು."

ಕೋಳಿ ಬಲೆ ಅಂದಾಗಂತೂ ನಗು ಇನ್ನೂ ಜಾಸ್ತಿ. ಆದ್ರೆ ಹೋದ ತಿಂಗಳು ಕೂತು ಹುಡುಕಿದೆ. ಛತ್ರಿ ನಿಜ, ಬಲೆ ನಿಜ, ಒಂದೇ ವರ್ಷ ಅನ್ನೋದೂ ನಿಜ. ನಕ್ಕಿದ್ದಕ್ಕೆ ನಾಚಿಕೆ ಆಯ್ತು. ಅದಕ್ಕೇ ಈ ಪೋಸ್ಟ್.

ಭಾಗ 2

ಅದರ ಹೆಸರು ಸೈಟ್. ಬಿಡಿಸಿ ಹೇಳಿದ್ರೆ ಉಪಗ್ರಹದ ಮೂಲಕ ಶಿಕ್ಷಣ ಕೊಡೋ ಟಿವಿ ಪ್ರಯೋಗ. ಕನಸು ವಿಕ್ರಂ ಸಾರಾಭಾಯ್ ಅವರದ್ದು. ದೊಡ್ಡ ಊರುಗಳಿಗೆ ಮೊದಲು, ಹಳ್ಳಿಗಳಿಗೆ ಕೊನೆಗೆ ಅನ್ನೋ ಪದ್ಧತಿಯನ್ನೇ ತಿರುಗಿಸಿ, ನೇರವಾಗಿ ಹಳ್ಳಿಗೇ ಟಿವಿ ಕೊಡಬೇಕು ಅನ್ನೋದು ಅವರ ಹಠ. 1969ರಲ್ಲಿ ಅಮೆರಿಕದ ನಾಸಾ ಜೊತೆ ಒಪ್ಪಂದ ಆಯ್ತು. 1971ರ ಡಿಸೆಂಬರ್‌ನಲ್ಲಿ ಸಾರಾಭಾಯ್ ತೀರಿಕೊಂಡರು. ಕೆಲಸ ನಿಲ್ಲಲಿಲ್ಲ.

ನಮ್ಮ ಹತ್ರ ಆಗ ಸ್ವಂತ ಟಿವಿ ಉಪಗ್ರಹ ಇರಲಿಲ್ಲ. ನಾಸಾ ತನ್ನ ಎಟಿಎಸ್-6 ಉಪಗ್ರಹವನ್ನ ಒಂದು ವರ್ಷದ ಮಟ್ಟಿಗೆ ಕೊಡ್ತು. ಒಂಥರಾ ಕೈಗಡ ಅಂದ್ಕೊಳ್ಳಿ. ಪೂರ್ವ ಆಫ್ರಿಕಾದ ಮೇಲೆ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಅದನ್ನ ನಿಲ್ಲಿಸಿದ್ರು. ಅಲ್ಲಿಂದ ಅದಕ್ಕೆ ನಮ್ಮ ದೇಶ ಕಾಣ್ತಿತ್ತು. ಅಹಮದಾಬಾದ್ ಮತ್ತು ದೆಹಲಿಯಿಂದ ಕಾರ್ಯಕ್ರಮ ಮೇಲಕ್ಕೆ ಹೋಗಿ, ಅಲ್ಲಿಂದ ಹಳ್ಳಿಗೆ ಇಳೀತಿತ್ತು.

ಈಗ ಅಜ್ಜಿಯ ಕೋಳಿ ಬಲೆ. ಎಟಿಎಸ್-6ಗೆ 9 ಮೀಟರ್ ಅಗಲದ ಆಂಟೆನಾ ಇತ್ತು. ಮೇಲಿಂದ ಬರೋ ಸಿಗ್ನಲ್ ಅಷ್ಟು ಜೋರು ಇದ್ದಿದ್ದಕ್ಕೆ ಕೆಳಗೆ ಹಳ್ಳೀಲಿ 3 ಮೀಟರ್‌ನ ಸಣ್ಣ ಡಿಶ್ ಸಾಕಾಯ್ತು. ಖರ್ಚು ಉಳಿಸೋಕೆ ಆ ಡಿಶ್‌ಗೆ ತಂತಿ ಜಾಲರಿ ಹಾಕಿದ್ರು. ಕೋಳಿ ಗೂಡಿಗೆ ಹಾಕ್ತಾರಲ್ಲ, ಅದೇ ಜಾತಿ ಜಾಲರಿ!

1975ರ ಆಗಸ್ಟ್ 1ಕ್ಕೆ ಶುರು. 6 ರಾಜ್ಯ, ಸುಮಾರು 2,400 ಹಳ್ಳಿ. ಕರ್ನಾಟಕದಲ್ಲಿ ಆರಿಸಿದ್ದು ವಿಜಯಪುರ, ಕಲಬುರಗಿ, ರಾಯಚೂರು ಜಿಲ್ಲೆಗಳನ್ನ. "ಹಿಂದುಳಿದ ಜಿಲ್ಲೆ" ಅಂತ ನಮ್ಮ ಭಾಗಕ್ಕೆ ಅಂಟಿಸಿರೋ ಹಣೆಪಟ್ಟಿ ಇದೆಯಲ್ಲ, ಅದರಿಂದ ಒಂದು ಲಾಭ ಆಗಿದ್ದು ಇಲ್ಲಿ.

ದಿನಕ್ಕೆ ಸುಮಾರು 4 ಗಂಟೆ. ಬೆಳಿಗ್ಗೆ ಒಂದೂವರೆ ಗಂಟೆ ಶಾಲೆ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ಊರವರಿಗೆ: ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ಹಾಡು, ನಾಟಕ. ಒಂದೇ ಚಿತ್ರಕ್ಕೆ ಎರಡು ಧ್ವನಿ ಕಳಿಸೋ ವ್ಯವಸ್ಥೆ ಇತ್ತು. ಹಂಗಾಗಿ ಅದೇ ಚಿತ್ರ ನಮ್ಮ ಕಡೆ ಕನ್ನಡದಲ್ಲಿ, ಆಂಧ್ರದ ಕಡೆ ತೆಲುಗಿನಲ್ಲಿ ಮಾತಾಡ್ತಿತ್ತು. ರಜೆಯಲ್ಲಿ ಇದೇ ಟಿವಿ ಮೂಲಕ ಪ್ರಾಥಮಿಕ ಶಾಲೆ ಮೇಷ್ಟ್ರುಗಳಿಗೆ ವಿಜ್ಞಾನದ ತರಬೇತಿನೂ ಕೊಟ್ರು. ಆನ್‌ಲೈನ್ ಕ್ಲಾಸ್ ಕೊರೊನಾ ಕಾಲದ ಹೊಸ ಐಡಿಯಾ ಅಂದ್ಕೊಂಡಿದ್ರಾ? ನಾನೂ ಹಂಗೇ ಅಂದ್ಕೊಂಡಿದ್ದೆ.

ಭಾಗ 3

ಈಗ ನಮ್ಮ ಊರಿನ ವಿಷಯಕ್ಕೆ ಬರ್ತೀನಿ.

ಹಂಪಿ ದಂಡೆ ಮೇಲೆ ನಿಂತ್ರೆ ಹೊಳೆ ಆಚೆ ಏನಿದೆ? ಆನೆಗೊಂದಿ ಕಡೆಯ ನೆಲ. ಈಗ ಅದು ಕೊಪ್ಪಳ ಜಿಲ್ಲೆ. ಆದ್ರೆ ಕೊಪ್ಪಳ ಜಿಲ್ಲೆ ಆಗಿದ್ದೇ 1997ರಲ್ಲಿ. 1975ರಲ್ಲಿ ಅದು ರಾಯಚೂರು ಜಿಲ್ಲೆ, ಅಂದ್ರೆ ಸೈಟ್ ಪಟ್ಟಿಯಲ್ಲಿದ್ದ ಜಿಲ್ಲೆ. ಈಚೆ ದಂಡೆ ಬಳ್ಳಾರಿ ಜಿಲ್ಲೆ, ಪಟ್ಟಿಯಲ್ಲಿ ಇಲ್ಲ. ಹರಿಗೋಲಲ್ಲಿ ಕೂತು ಹೊಳೆ ದಾಟಿದ್ರೆ ಮುಗೀತು, ನೀವು ಪಟ್ಟಿ ಒಳಗೆ!

ಉಪಗ್ರಹದ ಸಿಗ್ನಲ್ ಏನು ಹೊಳೆ ನೋಡಿ ನಿಲ್ಲುತ್ತಾ? ಇಲ್ಲ. ಅದು ನಮ್ಮ ಊರಿನ ಗುಡ್ಡದ ಮೇಲೂ ದಿನಾ ಸಂಜೆ ಬೀಳ್ತಿತ್ತು. ಇಲ್ಲಿ ಹಿಡಿಯೋಕೆ ಛತ್ರಿ ಇರಲಿಲ್ಲ, ಅಷ್ಟೇ. ಛತ್ರಿ ಎಲ್ಲಿ ಕೊಡಬೇಕು ಅಂತ ತೀರ್ಮಾನ ಮಾಡಿದ್ದು ಆಕಾಶ ಅಲ್ಲ, ಒಂದು ಕಾಗದದ ಪಟ್ಟಿ. ದೇಶದಲ್ಲಿ ಆಗ ಐದೂವರೆ ಲಕ್ಷಕ್ಕೂ ಹೆಚ್ಚು ಹಳ್ಳಿ. ಅದರಲ್ಲಿ 2,400 ಅಂದ್ರೆ ನೂರಕ್ಕೆ ಅರ್ಧವೂ ಇಲ್ಲ. ಅಜ್ಜಿ ಆ ಅರ್ಧದೊಳಗೆ ಇದ್ಲು.

ಇನ್ನೊಂದು ವಿಷಯ ಮರೀಬಾರದು. ಅದು ತುರ್ತು ಪರಿಸ್ಥಿತಿ ಕಾಲ. ಸೈಟ್ ಶುರುವಾಗೋಕೆ ಒಂದು ತಿಂಗಳ ಹಿಂದಷ್ಟೇ, 1975ರ ಜೂನ್ 25ರ ರಾತ್ರಿ ಘೋಷಣೆ ಆಗಿತ್ತು. ಪತ್ರಿಕೆಗಳ ಮೇಲೆ ಸೆನ್ಸಾರ್. ಟಿವಿಯಂತೂ ಮೊದಲಿಂದ ಸರ್ಕಾರದ್ದೇ. ಹಳ್ಳಿಯವರು ಕೇಳಬಹುದಿತ್ತು, ತಿರುಗಿ ಮಾತಾಡೋ ಹಂಗಿರಲಿಲ್ಲ.

1976ರ ಜುಲೈ 31. ವಾಯಿದೆ ಮುಗೀತು. ನಾಸಾ ಉಪಗ್ರಹವನ್ನ ವಾಪಸ್ ಅಮೆರಿಕದ ಕಡೆಗೆ ಸರಿಸಿಕೊಳ್ತು. ಅಜ್ಜಿ ಊರಲ್ಲಿ ಮರುದಿನ ಸಂಜೆನೂ ಜನ ಬಂದು ಕೂತಿದ್ರಂತೆ. "ಇವತ್ತು ಬರ್ತೈತೇನೋ ಅಂತ ನೋಡಿದ್ವಿ, ಬರಲಿಲ್ಲ" ಅಂತಾಳೆ.

ಮುಂದಿನ ವರ್ಷ ಕಲಬುರಗಿಯಲ್ಲಿ ನೆಲದ ಮೇಲಿನ ಟ್ರಾನ್ಸ್‌ಮಿಟರ್ ಶುರುವಾಯ್ತು. ಅದು ತಲುಪಿದ್ದು ಸುತ್ತಮುತ್ತಲ ಊರುಗಳಿಗೆ ಮಾತ್ರ. ಅದೇ ವರ್ಷ ಅಜ್ಜಿ ಹೊಳೆ ದಾಟಿ ಇಲ್ಲಿಗೆ ಸೊಸೆಯಾಗಿ ಬಂದ್ಲು. ಟಿವಿ ಬಗ್ಗೆ ಹೇಳಿದ್ರೆ ಗಂಡನ ಮನೆಯವರು "ಏನೋ ಸಿನಿಮಾ ನೋಡಿರಬೇಕು" ಅಂದ್ರಂತೆ. ಮತ್ತೆ ಅವಳು ಟಿವಿ ನೋಡಿದ್ದು 1987ರಲ್ಲಿ, ರಾಮಾಯಣ ಧಾರಾವಾಹಿ ಬರೋವಾಗ, ಇನ್ನೊಬ್ಬರ ಮನೆ ಬಾಗಿಲಲ್ಲಿ ನಿಂತು. ಲೆಕ್ಕ ಹಾಕಿ: ಹನ್ನೊಂದು ವರ್ಷ.

ಭಾಗ 4

ಹಂಗಾದ್ರೆ ಸೈಟ್ ವೇಸ್ಟ್ ಆಯ್ತಾ? ಇಲ್ಲ. ಡಿಶ್ ಮಾಡೋದು, ಹಳ್ಳಿಯಲ್ಲಿ ಸೆಟ್ ಕೆಟ್ಟರೆ ರಿಪೇರಿ ಮಾಡೋದು, ಹಳ್ಳಿಯವರಿಗೆ ಅರ್ಥ ಆಗೋ ಹಂಗೆ ಕಾರ್ಯಕ್ರಮ ಮಾಡೋದು, ಎಲ್ಲಾ ಆ ಒಂದು ವರ್ಷದಲ್ಲಿ ನಮ್ಮವರು ಕಲಿತರು. 1982ರಲ್ಲಿ ಹಾರಿಸಿದ ನಮ್ಮದೇ ಇನ್ಸಾಟ್-1ಎ ಕೆಲವೇ ತಿಂಗಳಲ್ಲಿ ಕೈಕೊಡ್ತು. 1983ರ ಇನ್ಸಾಟ್-1ಬಿ ಗೆದ್ದಿತು. ಅದನ್ನ ನೋಡ್ಕೊಳ್ತಿದ್ದ ಕೇಂದ್ರ ಎಲ್ಲಿತ್ತು ಗೊತ್ತಾ? ನಮ್ಮ ಹಾಸನದಲ್ಲಿ. ಅದರ ಬಲದ ಮೇಲೇ 1984ರಿಂದ ದೇಶದ ತುಂಬಾ ಟ್ರಾನ್ಸ್‌ಮಿಟರ್‌ಗಳು ಎದ್ದವು.

ಬಿಕಾಂ ಓದ್ತಿರೋ ನನಗೆ ಇದು ಹೀಗೆ ಕಾಣುತ್ತೆ: ಕೈಗಡ ತಂದಿದ್ದರಿಂದ ವ್ಯಾಪಾರ ಕಲೀಬಹುದು, ಆದ್ರೆ ಕೊಟ್ಟವನು ಕೇಳಿದ ದಿನ ವಾಪಸ್ ಕೊಡಲೇಬೇಕು. ಸ್ವಿಚ್ ಯಾರ ಕೈಲಿದೆ ಅನ್ನೋದು ಕೊನೆಗೂ ಮುಖ್ಯ ಆಗುತ್ತೆ.

ಇದು ಹಳೇ ಕಥೆ ಅಂತ ಬಿಟ್ಟುಬಿಡಬೇಡಿ. 2020ರ ಜೂನ್ 29ರಂದು ಟಿಕ್‌ಟಾಕ್ ಬ್ಯಾನ್ ಆಯ್ತಲ್ಲ, ನಮ್ಮ ಕ್ಲಾಸಲ್ಲೇ ಎಷ್ಟು ಜನರ ವಿಡಿಯೋ ಹೋದವು ನೆನಪಿದೆಯಾ? ಬ್ಯಾನ್ ಸರೀನೋ ತಪ್ಪೋ ಅನ್ನೋದು ಬೇರೆ ಮಾತು. ಆದ್ರೆ ಮರುದಿನವೂ ಫೋನ್ ತೆಗೆದು ನೋಡಿದ್ವಿ, ಅಜ್ಜಿ ಊರಿನವರು ಅಂಗಳದಲ್ಲಿ ಕೂತ ಹಂಗೇ. ನಾನು ಈಗ ಬರೀತಿರೋ ಈ ಕ್ಯಾಪ್ಶನ್ ಕೂಡ ಇನ್ನೊಬ್ಬರ ಸರ್ವರ್‌ನಲ್ಲೇ ಇರೋದು. ಅದಕ್ಕೇ ಅಜ್ಜಿ ಹೇಳಿದ್ದೆಲ್ಲಾ ಒಂದು ನೋಟ್‌ಬುಕ್‌ನಲ್ಲೂ ಬರೆದಿಟ್ಟಿದ್ದೀನಿ.

ಮೊನ್ನೆ ಅಜ್ಜಿಗೆ ಸೈಟ್ ಡಿಶ್‌ನ ಹಳೇ ಫೋಟೋ ತೋರಿಸಿದೆ. ಕನ್ನಡಕ ಹಾಕ್ಕೊಂಡು ನೋಡಿ, "ಇದೇ ಛತ್ರಿ. ಈಗ ನಿಮ್ಮ ತಾತಗ ತೋರಿಸು" ಅಂದ್ಲು. ತಾತ ತುಂಬಾ ಹೊತ್ತು ನೋಡಿದ್ರು. 47 ವರ್ಷ ಆದ್ಮೇಲೆ, "ಹೌದಲ್ಲೇ, ನೀ ಹೇಳಿದ್ದು ಖರೇನೇ" ಅಂದ್ರು.

ನಿಮ್ಮ ಮನೇಲಿ ಅಜ್ಜಿ, ತಾತ ಮೊದಲು ಟಿವಿ ನೋಡಿದ್ದು ಎಲ್ಲಿ, ಯಾವ ವರ್ಷ? ಇವತ್ತೇ ಕೇಳಿ, ಕಾಮೆಂಟಲ್ಲಿ ಊರಿನ ಹೆಸರು ಸಮೇತ ಬರೀರಿ. ರಾಯಚೂರು, ಕೊಪ್ಪಳ, ಕಲಬುರಗಿ, ವಿಜಯಪುರದವರು ಇದ್ರೆ ಖಂಡಿತ ಕೇಳ್ರಿ. ಅವರು 1975 ಅಂದ್ರೆ ಮಾತ್ರ ದಯವಿಟ್ಟು ನಗಬೇಡಿ.

#ಕಡ್ಡಿರಾಂಪುರ #ಹೊಸಪೇಟೆ #ಅಜ್ಜಿಹೇಳಿದಇತಿಹಾಸ