ಹೊಟ್ಟೆಯ ದೊಡ್ಡ ರಕ್ತನಾಳ ಉಬ್ಬುವ ಕಾಯಿಲೆ: ಯಾರು ಸ್ಕ್ಯಾನ್ ಮಾಡಿಸಬೇಕು?

ಅರಿಸಿನ ಖರೀದಿಗೆ ಸಾಂಗ್ಲಿಗೆ ಹೋದಾಗ ನಾವು ವ್ಯವಹಾರ ಮಾಡುವ ಅಡತ್ ಅಂಗಡಿಯ ಮುನೀಮರು ರಜೆಯಲ್ಲಿದ್ದರು. ಮೂತ್ರದ ತೊಂದರೆಗೆ ಅಂತ ಪಕ್ಕದ ಮಿರಜ್‌ನಲ್ಲಿ ಹೊಟ್ಟೆ ಸ್ಕ್ಯಾನ್ ಮಾಡಿಸಿದರೆ ಬೇರೆಯೇ ಸಂಗತಿ ಗೊತ್ತಾಗಿತ್ತು. ಮಹಾಪಧಮನಿ 4.2 ಸೆಂ.ಮೀ.ಗೆ ಉಬ್ಬಿದೆ! ವಯಸ್ಸು 68, ನಲವತ್ತು ವರ್ಷದ ಬೀಡಿ ಚಟ. ಉಬ್ಬಿದ ಜಾಗದಲ್ಲಿ ನೋವೇ ಇರಲಿಲ್ಲ.

ಮಿರಜ್ ಆಸ್ಪತ್ರೆಗಳ ಊರು. ವಿಲಿಯಂ ವಾನ್ಲೆಸ್ 1894ರಲ್ಲಿ ಮಿಷನ್ ಆಸ್ಪತ್ರೆ ಕಟ್ಟಿದರು, 1962ರಲ್ಲಿ ಸರಕಾರಿ ಮೆಡಿಕಲ್ ಕಾಲೇಜು ಬಂತು. ಅಥಣಿ, ಚಿಕ್ಕೋಡಿ ಕಡೆಯ ಕನ್ನಡಿಗರೂ ಚಿಕಿತ್ಸೆಗೆ ಅಲ್ಲಿಗೆ ಹೋಗುತ್ತಾರೆ.

ಹೃದಯದಿಂದ ಹೊರಟು ಹೊಟ್ಟೆಯವರೆಗೆ ಇಳಿಯುವ ಮುಖ್ಯ ರಕ್ತನಾಳವೇ ಮಹಾಪಧಮನಿ. ಹೊಟ್ಟೆಯಲ್ಲಿ ಅದರ ಅಗಲ ಸುಮಾರು 2 ಸೆಂ.ಮೀ. ಗೋಡೆ ದುರ್ಬಲವಾಗಿ 3 ಸೆಂ.ಮೀ. ದಾಟಿದರೆ ಅದಕ್ಕೆ ಅನ್ಯೂರಿಸಂ ಅಂತಾರೆ. ಹಳೇ ಸೈಕಲ್ ಟ್ಯೂಬು ಸವೆದ ಕಡೆ ಉಬ್ಬುತ್ತದಲ್ಲ, ಹಾಗೆ. ಗಂಡಸರಲ್ಲಿ 5.5 ಸೆಂ.ಮೀ. ಆದರೆ ಸಾಮಾನ್ಯವಾಗಿ ಆಪರೇಷನ್ ಸಲಹೆ ಕೊಡುತ್ತಾರೆ. ಅದಕ್ಕಿಂತ ಸಣ್ಣದಾದರೆ ಆಗಾಗ ಅಳತೆ ನೋಡುತ್ತಾ ಇರಬೇಕು. ಮುನೀಮರಿಗೆ ಒಂದು ವರ್ಷ ಬಿಟ್ಟು ಬರಲು ಹೇಳಿದ್ದಾರೆ.

ಅಪಾಯದ ಕಾರಣಗಳಲ್ಲಿ ಧೂಮಪಾನವೇ ದೊಡ್ಡದು. ಬೀಡಿ ಸಣ್ಣದು ಅಂತ ವಿನಾಯಿತಿ ಇಲ್ಲ. ಬಿಟ್ಟು ಎಷ್ಟೋ ವರ್ಷವಾದವರಿಗೂ ಅಪಾಯ ಪೂರ್ತಿ ಹೋಗುವುದಿಲ್ಲ. ನಮ್ಮ ಬ್ಯಾರಿ ಮನೆಗಳಲ್ಲಿ ಇಂಥ ಹಿರಿಯರು ಕಡಿಮೆಯೇನಲ್ಲ. ವಯಸ್ಸು, ಬಿಪಿ, ರಕ್ತನಾಳದಲ್ಲಿ ಕೊಬ್ಬು, ತಂದೆಗೋ ಸಹೋದರನಿಗೋ ಈ ಕಾಯಿಲೆ ಇದ್ದಿರುವುದು ಉಳಿದ ಕಾರಣಗಳು. ಹೆಂಗಸರಿಗೆ ಬರುವುದು ಕಡಿಮೆ, ಆದರೆ ಬಂದರೆ ಸಣ್ಣ ಅಳತೆಯಲ್ಲೇ ಒಡೆಯುವ ಭಯ ಹೆಚ್ಚು. ಎದೆಯ ಭಾಗದಲ್ಲೂ ಉಬ್ಬಬಹುದು, ಅದರ ಪರೀಕ್ಷೆ ಬೇರೆ.

ಬ್ರಿಟನ್‌ನಲ್ಲಿ 65 ತುಂಬುವ ಗಂಡಸರನ್ನೆಲ್ಲ ಕರೆದು ಒಮ್ಮೆ ಸ್ಕ್ಯಾನ್ ಮಾಡುತ್ತಾರೆ. ಅಮೆರಿಕದಲ್ಲಿ 65ರಿಂದ 75ರೊಳಗಿನ, ಯಾವಾಗಲಾದರೂ ಸಿಗರೇಟು ಸೇದಿದ ಗಂಡಸರಿಗೆ ಈ ಸಲಹೆ ಇದೆ. ನಮ್ಮಲ್ಲಿ ಹಾಗೆ ಕರೆಯುವವರಿಲ್ಲ, ನಾವೇ ಕೇಳಬೇಕು. ಬೇಕಾದದ್ದು ಮಾಮೂಲಿ ಹೊಟ್ಟೆಯ ಅಲ್ಟ್ರಾಸೌಂಡ್ ಅಷ್ಟೇ. ಸೂಜಿ ಇಲ್ಲ, ವಿಕಿರಣ ಇಲ್ಲ. ಬೇರೆ ಕಾರಣಕ್ಕೆ ಸ್ಕ್ಯಾನ್‌ಗೆ ಹೋದಾಗಲೂ "ಮಹಾಪಧಮನಿಯ ಅಳತೆಯನ್ನೂ ನೋಡಿ ಡಾಕ್ಟ್ರೇ" ಅಂತ ಕೇಳಿ.

ಐನ್‌ಸ್ಟೈನ್ 1955ರ ಏಪ್ರಿಲ್ 18ರಂದು ತೀರಿಕೊಂಡದ್ದು ಇದೇ ನಾಳ ಒಡೆದು. ಒಡೆದರೆ ಬದುಕುವವರು ಕಡಿಮೆ, ಎಷ್ಟೋ ಜನ ಆಸ್ಪತ್ರೆ ಮುಟ್ಟುವುದೇ ಇಲ್ಲ. ಹೊಟ್ಟೆ ಅಥವಾ ಬೆನ್ನಿನಲ್ಲಿ ಹಠಾತ್ತನೆ ಭಯಂಕರ ನೋವು, ಬೆವರು, ತಲೆಸುತ್ತು ಬಂದರೆ ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿಸಿ ಕೂರಬೇಡಿ. ಕಿಡ್ನಿ ಕಲ್ಲಿನ ನೋವೂ ಹೀಗೇ ಕಾಣುತ್ತದೆ, ಅದನ್ನು ಡಾಕ್ಟರೇ ತೀರ್ಮಾನಿಸಲಿ. ಆಪರೇಷನ್ ಸೌಲಭ್ಯ ಇರುವ ದೊಡ್ಡ ಆಸ್ಪತ್ರೆಗೇ ನೇರ ಕರೆದುಕೊಂಡು ಹೋಗಿ, ಹಳೇ ಸ್ಕ್ಯಾನ್ ರಿಪೋರ್ಟ್ ಇದ್ದರೆ ಜೊತೆಗೆ ಇಟ್ಟುಕೊಳ್ಳಿ.