ದಂಡನಾಯಕ

ದಂಡನಾಯಕ: ಕರ್ನಾಟಕದ ಅರಸುಮನೆತನಗಳ ಕಾಲದಲ್ಲಿ ಸೈನ್ಯದ ಹಿರಿಯ ಹುದ್ದೆ. 'ದಂಡ' ಎಂದರೆ ಕೋಲೂ ಹೌದು, ಸೈನ್ಯವೂ ಹೌದು. ಜನರ ಬಾಯಲ್ಲಿನ 'ದಂಡು' ಇದೇ ಮಾತು.

ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿ ಸೀಮೆ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ನೊಳಂಬವಾಡಿ 32,000 ಮತ್ತು ಕೋಗಳಿ 500 ಎಂಬ ನಾಡುಗಳ ನೆಲ. ಆ ಕಾಲದ ಶಾಸನಗಳು ದೊಡ್ಡ ಸೇನಾನಿಯ ಹೆಸರಿಗೆ ಮೊದಲು 'ಸಮಧಿಗತ ಪಂಚಮಹಾಶಬ್ದ', 'ಮಹಾಸಾಮಂತಾಧಿಪತಿ', 'ಮಹಾಪ್ರಚಂಡ ದಂಡನಾಯಕ' ಎಂದು ಬಿರುದುಗಳನ್ನು ಸಾಲಾಗಿ ಜೋಡಿಸುತ್ತವೆ. ಇವುಗಳಲ್ಲಿ ಮೊದಲನೆಯದೇ ಪದವಿಯ ಲಾಂಛನ: ಐದು ವಾದ್ಯಗಳನ್ನು ನುಡಿಸಿಕೊಂಡು ಸಾಗುವ ಹಕ್ಕು. ಕೊಂಬು, ತಮ್ಮಟ, ಶಂಖ, ಭೇರಿ, ಜಯಗಂಟೆ ಎಂದು 'ವಿವೇಕಚಿಂತಾಮಣಿ' ಅವನ್ನು ಹೆಸರಿಸುತ್ತದೆ. ದಂಡನಾಯಕ ಕಣ್ಣಿಗೆ ಬೀಳುವ ಮೊದಲೇ ಅವನ ಪದವಿ ಊರಿನ ಕಿವಿಗೆ ಬೀಳುತ್ತಿತ್ತು. ಹಣೆಗೆ ಕಟ್ಟುವ ಪಟ್ಟ ಇನ್ನೊಂದು ಗುರುತು. 'ಪಟ್ಟ ಕಟ್ಟು' ಎಂಬ ಮಾತಿನಲ್ಲಿ ಅದು ಇಂದಿಗೂ ಉಳಿದಿದೆ. ಕಾಲಿಗೆ ತೊಡಿಸುತ್ತಿದ್ದ ಗಂಡಪೆಂಡೇರವೂ ವೀರನಿಗೆ ಸಲ್ಲುವ ಮರ್ಯಾದೆಯೇ.

ಹುದ್ದೆ ಬರಿಯ ಯುದ್ಧದ್ದಲ್ಲ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ ಮಹಾಪ್ರಧಾನನೂ ಆಗಿದ್ದ. ಹೊಯ್ಸಳರ ದಂಡು ಗೆದ್ದ ಕೋಟೆಗಳಲ್ಲಿ ಹರಪನಹಳ್ಳಿ ತಾಲೂಕಿನ ಉಚ್ಚಂಗಿದುರ್ಗವೂ ಒಂದು; ಅದು ಉಚ್ಚಂಗಿಯ ಪಾಂಡ್ಯರ ನೆಲೆ. ಅದು ಕೈವಶವಾದದ್ದು ಹೊಯ್ಸಳರಿಗೆ ಎಷ್ಟು ದೊಡ್ಡ ಗೆಲುವೆಂದರೆ, ವಿಷ್ಣುವರ್ಧನ 'ನೊಳಂಬವಾಡಿಗೊಂಡ' ಎಂದೇ ಬಿರುದು ಧರಿಸಿದ.

ವಿಜಯನಗರದ ನಂತರ ಈ ಸೀಮೆಯಲ್ಲಿ ಪಾಳೆಯಗಾರನೇ ಅರಸ, ಅವನೇ ಸೇನಾಪತಿ. ಆನೆಯೂ ನಿಶಾನೆಯೂ ನಾಯಕನ ಗುರುತಾದವು, ಒಮ್ಮೊಮ್ಮೆ ಅವನ ಪ್ರಾಣಕ್ಕೂ ಮುಳುವಾದವು. 1748ರ ಮಾಯಕೊಂಡ ಕಾಳಗದಲ್ಲಿ ಆನೆಯ ಮೇಲಿದ್ದ ಚಿತ್ರದುರ್ಗದ ಮದಕರಿನಾಯಕನನ್ನು ಸುತ್ತುಗಟ್ಟಿ ಕೊಂದವನು ಹರಪನಹಳ್ಳಿಯ ಸೋಮಶೇಖರನಾಯಕ.

ಇಂದಿನ ಭಾರತೀಯ ಭೂಸೇನೆಯಲ್ಲಿ ಅತ್ಯುನ್ನತ ಪದವಿ ಫೀಲ್ಡ್ ಮಾರ್ಷಲ್. ಇದನ್ನು ಪಡೆದವರು ಇಬ್ಬರೇ: 1973ರಲ್ಲಿ ಸ್ಯಾಮ್ ಮಾಣೆಕ್ ಷಾ, 1986ರಲ್ಲಿ ಕೊಡಗಿನ ಕೆ.ಎಂ. ಕಾರ್ಯಪ್ಪ. 1949ರ ಜನವರಿ 15ರಂದು ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ಕಾರ್ಯಪ್ಪನವರಿಗೆ ಈ ಗೌರವ ಬಂದದ್ದು ಇಳಿವಯಸ್ಸಿನಲ್ಲಿ. ಭುಜಪಟ್ಟಿಯ ಮೇಲೆ ಅಶೋಕನ ಸಿಂಹಲಾಂಛನ, ಅದರ ಕೆಳಗೆ ಕಮಲದ ಹೂಮಾಲೆ, ಮಾಲೆಯ ನಡುವೆ ಒಂದನ್ನೊಂದು ಅಡ್ಡಹಾಯ್ದ ಖಡ್ಗ ಮತ್ತು ಕಿರುಕೋಲು. ಸಮಾರಂಭಗಳಲ್ಲಿ ಫೀಲ್ಡ್ ಮಾರ್ಷಲ್ ಕೈಯಲ್ಲಿ ಹಿಡಿಯುವುದೂ ಅಂಥದೇ ಒಂದು ದಂಡ.