ಮರಣದಂಡನೆ ಮತ್ತು ತಪ್ಪು ತೀರ್ಪು: ಭಾರತ

ಮರಣದಂಡನೆಯ ಮಟ್ಟಿಗೆ ತಪ್ಪು ತೀರ್ಪು ಎರಡು ಬಗೆಯದು. ಅಪರಾಧ ಮಾಡದವನನ್ನು ಅಪರಾಧಿಯೆಂದು ತೀರ್ಮಾನಿಸುವುದು ಒಂದು; ಅಪರಾಧಿಗೇ ಆದರೂ ಕಾನೂನು ಒಪ್ಪದ ಕಾರಣಕ್ಕೆ ಗಲ್ಲು ವಿಧಿಸುವುದು ಇನ್ನೊಂದು. ಭಾರತದ ಚರ್ಚೆಗಳಲ್ಲಿ ಇವೆರಡೂ ಆಗಾಗ ಕಲಸಿಹೋಗಿವೆ.

1898ರ ದಂಡ ಪ್ರಕ್ರಿಯಾ ಸಂಹಿತೆಯಡಿ ಕೊಲೆಗೆ ಗಲ್ಲು ವಿಧಿಸದಿದ್ದರೆ ನ್ಯಾಯಾಧೀಶರು ಕಾರಣ ಬರೆಯಬೇಕಿತ್ತು. 1955ರ ತಿದ್ದುಪಡಿ ಈ ನಿಯಮವನ್ನು ತೆಗೆಯಿತು. 1973ರ ಸಂಹಿತೆ ಗಲ್ಲಿಗೇ ವಿಶೇಷ ಕಾರಣ ಬೇಕೆಂದಿತು. 1980ರ ಬಚ್ಚನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಶಿಕ್ಷೆಯನ್ನು ‘ಅಪರೂಪದಲ್ಲಿ ಅಪರೂಪ’ದ ಪ್ರಕರಣಗಳಿಗೆ ಸೀಮಿತಗೊಳಿಸಿ, ಅಪರಾಧದ ಜೊತೆಗೆ ಅಪರಾಧಿಯ ಹಿನ್ನೆಲೆಯನ್ನೂ ತೂಗಬೇಕೆಂದಿತು. ನಿರಪರಾಧಿಯನ್ನು ನೇಣಿಗೇರಿಸಿದರೆ ಆ ತಪ್ಪನ್ನು ತಿದ್ದಲಾಗದು ಎಂಬುದು ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ಭಿನ್ನಮತದ ವಾದಗಳಲ್ಲೊಂದು.

ಸ್ವತಂತ್ರ ಭಾರತದಲ್ಲಿ ಗಲ್ಲಿಗೇರಿದವರೆಷ್ಟು ಎಂಬುದೇ ವಿವಾದದಲ್ಲಿದೆ. ಐವತ್ತರ ಆಸುಪಾಸಿನ ಸಂಖ್ಯೆಯೊಂದು ಬಹುಕಾಲ ಚಲಾವಣೆಯಲ್ಲಿತ್ತು. ಆದರೆ 1967ರ ಕಾನೂನು ಆಯೋಗದ 35ನೆಯ ವರದಿಯ ಅನುಬಂಧದಲ್ಲಿ, 1953ರಿಂದ 1963ರವರೆಗೆ 16 ರಾಜ್ಯಗಳಲ್ಲೇ 1,422 ಮಂದಿ ಗಲ್ಲಿಗೇರಿದ ಲೆಕ್ಕವಿದೆ. ಹಲವು ಸೆರೆಮನೆಗಳ ಹಳೆಯ ಕಡತಗಳು ನಾಶವಾಗಿವೆ. ಹೆಸರೇ ಉಳಿಯದವರಲ್ಲಿ ನಿರಪರಾಧಿಗಳೆಷ್ಟು ಎಂದು ಹುಡುಕಲು ದಾರಿಯಿಲ್ಲ.

ದಾಖಲೆ ಉಳಿದ ಪ್ರಕರಣಗಳಲ್ಲೂ ತಪ್ಪುಗಳು ಕಾಣುತ್ತವೆ. ಒಂದೇ ಕೊಲೆ ಪ್ರಕರಣದಲ್ಲಿ ಗಲ್ಲು ಶಿಕ್ಷೆಯಾದ ಮೂವರು ಬೇರೆ ಬೇರೆ ಕಾಲಕ್ಕೆ ಸುಪ್ರೀಂ ಕೋರ್ಟಿನ ಮೊರೆಹೋದರು. ಮೊದಲನೆಯವನ ಅರ್ಜಿ ವಜಾ ಆಯಿತು. ಇನ್ನೊಬ್ಬನ ಶಿಕ್ಷೆ 1977ರಲ್ಲಿ ಜೀವಾವಧಿಗೆ ಇಳಿಯಿತು. ಆದರೂ ಮೊದಲನೆಯವನನ್ನು 1981ರ ಅಕ್ಟೋಬರ್ 6ರಂದು ಗಲ್ಲಿಗೇರಿಸಲಾಯಿತು. ಅಂದೇ ಗಲ್ಲಿಗೇರಬೇಕಿದ್ದ ಮೂರನೆಯವ ಹರ್ಬನ್ಸ್ ಸಿಂಗ್ ತಡೆಯಾಜ್ಞೆಯಿಂದ ಉಳಿದ. ನೇಣಿಗೆ ಮುನ್ನ ಸಹಅಪರಾಧಿಗಳ ಶಿಕ್ಷೆ ಇಳಿದಿದೆಯೇ ಎಂದು ಜೈಲು ಅಧಿಕಾರಿಗಳು ವಿಚಾರಿಸಬೇಕೆಂದು 1982ರಲ್ಲಿ ನ್ಯಾಯಾಲಯ ಆದೇಶಿಸಿತು.

ಎರಡನೆಯ ಬಗೆಯ ತಪ್ಪಿಗೆ ಎಲ್ಲಕ್ಕಿಂತ ಸ್ಪಷ್ಟ ದಾಖಲೆ ರವ್ಜಿ ಪ್ರಕರಣ. ಶಿಕ್ಷೆಗೆ ಅಪರಾಧದ ಸ್ವರೂಪವೇ ಮುಖ್ಯ, ಅಪರಾಧಿಯಲ್ಲ ಎಂದ ಈ ತೀರ್ಪು ಬಚ್ಚನ್ ಸಿಂಗ್ ತೀರ್ಪಿಗೆ ವಿರುದ್ಧವಾಗಿತ್ತು. ರವ್ಜಿಯನ್ನು 1996ರಲ್ಲಿ ಗಲ್ಲಿಗೇರಿಸಲಾಯಿತು. ಹದಿಮೂರು ವರ್ಷಗಳ ನಂತರ, 2009ರ ಬರಿಯಾರ್ ಪ್ರಕರಣದಲ್ಲಿ, ಸುಪ್ರೀಂ ಕೋರ್ಟೇ ಆ ತೀರ್ಪು ಪೂರ್ವನಿದರ್ಶನವನ್ನು ಕಡೆಗಣಿಸಿ ಬಂದದ್ದೆಂದು ಹೇಳಿತು. ಇಂಥ ತಪ್ಪು ತೀರ್ಪುಗಳಿಗೆ ಒಳಗಾಗಿ ಇನ್ನೂ ಬದುಕಿದ್ದ 13 ಮಂದಿಯ ಶಿಕ್ಷೆ ಇಳಿಸುವಂತೆ 14 ನಿವೃತ್ತ ನ್ಯಾಯಮೂರ್ತಿಗಳು 2012ರಲ್ಲಿ ರಾಷ್ಟ್ರಪತಿಗೆ ಪತ್ರ ಬರೆದರು. ಅಷ್ಟರಲ್ಲಿ ಇಬ್ಬರು ನೇಣಿಗೇರಿಯಾಗಿತ್ತು.

ಮೊದಲ ಬಗೆಯ ತಪ್ಪು ಅಕ್ಷರಧಾಮ ಪ್ರಕರಣದಲ್ಲಿ ಬೆಳಕಿಗೆ ಬಂತು. ಗಾಂಧಿನಗರದ ದೇವಾಲಯದ ಮೇಲೆ 2002ರಲ್ಲಿ ನಡೆದ ದಾಳಿಗಾಗಿ ಮೂವರಿಗೆ ಗಲ್ಲು ಶಿಕ್ಷೆಯಾಗಿ, ಗುಜರಾತ್ ಹೈಕೋರ್ಟ್ ಅದನ್ನು ಎತ್ತಿಹಿಡಿದಿತ್ತು. 2014ರ ಮೇ 16ರಂದು ಎ.ಕೆ. ಪಟ್ನಾಯಕ್ ಮತ್ತು ಕರ್ನಾಟಕದವರಾದ ವಿ. ಗೋಪಾಲಗೌಡ ಅವರ ಪೀಠ ತಪ್ಪೊಪ್ಪಿಗೆಗಳು ನಂಬಲರ್ಹವಲ್ಲವೆಂದು ಈ ಮೂವರೂ ಸೇರಿ ಪ್ರಕರಣದಲ್ಲಿ ಶಿಕ್ಷೆಯಾಗಿದ್ದ ಆರೂ ಮಂದಿಯನ್ನು ಖುಲಾಸೆ ಮಾಡಿತು. ಪರಿಹಾರ ಕೋರಿದ ಅವರ ಅರ್ಜಿಯನ್ನು 2016ರಲ್ಲಿ ಸುಪ್ರೀಂ ಕೋರ್ಟ್ ಪುರಸ್ಕರಿಸಲಿಲ್ಲ.

ಎರಡೂ ಬಗೆಯ ತಪ್ಪುಗಳು ಒಂದೇ ಕಡೆ ಕೂಡಿದ್ದು ಮಹಾರಾಷ್ಟ್ರದ ಪ್ರಕರಣವೊಂದರಲ್ಲಿ. 2003ರಲ್ಲಿ ನಡೆದ ಕೊಲೆ ಮತ್ತು ಅತ್ಯಾಚಾರಕ್ಕಾಗಿ ಅಲೆಮಾರಿ ಸಮುದಾಯದ ಆರು ಮಂದಿಗೆ ನಾಸಿಕ್ ನ್ಯಾಯಾಲಯ ಗಲ್ಲು ವಿಧಿಸಿತು. ಬಾಂಬೆ ಹೈಕೋರ್ಟ್ ಮೂವರ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿದರೆ, 2009ರಲ್ಲಿ ಸುಪ್ರೀಂ ಕೋರ್ಟ್ ರವ್ಜಿ ತೀರ್ಪನ್ನೂ ಆಧರಿಸಿ ಆರೂ ಮಂದಿಗೆ ಗಲ್ಲು ಕಾಯಂ ಮಾಡಿತು. ಗಲ್ಲು ಪ್ರಕರಣಗಳ ಮರುಪರಿಶೀಲನೆಯನ್ನು ಮೂವರು ನ್ಯಾಯಮೂರ್ತಿಗಳು ತೆರೆದ ನ್ಯಾಯಾಲಯದಲ್ಲಿ ನಡೆಸಬೇಕೆಂದು 2014ರಲ್ಲಿ ನಿಯಮವಾಗದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಮರುಪರಿಶೀಲನೆಯಲ್ಲಿ ಕಂಡಂತೆ, ಬದುಕುಳಿದ ಸಾಕ್ಷಿ ಪೊಲೀಸರ ಫೋಟೊ ಆಲ್ಬಮ್‌ನಲ್ಲಿ ಬೇರೆ ನಾಲ್ವರನ್ನು ಗುರುತಿಸಿದ್ದರೂ ಅವರ ತನಿಖೆಯೇ ನಡೆದಿರಲಿಲ್ಲ. ಆರೋಪಿಗಳಲ್ಲೊಬ್ಬ ಘಟನೆಯ ಕಾಲಕ್ಕೆ ಬಾಲಕ. 2019ರ ಮಾರ್ಚ್ 5ರಂದು ಎಲ್ಲರೂ ಖುಲಾಸೆಯಾದರು. ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ರಾಜ್ಯಕ್ಕೆ ಆದೇಶವಾಯಿತು.

ಇಂಥವು ಬಿಡಿ ಪ್ರಸಂಗಗಳಲ್ಲ. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದ 2016ರ ಅಧ್ಯಯನದ ಪ್ರಕಾರ, 2000ದಿಂದ 2015ರ ನಡುವೆ ಕೆಳ ನ್ಯಾಯಾಲಯಗಳು ಗಲ್ಲು ವಿಧಿಸಿ, ಮೇಲ್ಮನವಿ ಇತ್ಯರ್ಥವಾದವರಲ್ಲಿ ಸುಮಾರು ಶೇ. 30 ಮಂದಿ ಖುಲಾಸೆಯಾದರು; ಶಿಕ್ಷೆ ಉಳಿದದ್ದು ಶೇ. 5ಕ್ಕೂ ಕಡಿಮೆ ಮಂದಿಗೆ.

ಭಯೋತ್ಪಾದನೆ ಮತ್ತು ದೇಶದ ಮೇಲೆ ಯುದ್ಧ ಸಾರುವ ಅಪರಾಧಗಳನ್ನು ಬಿಟ್ಟು ಉಳಿದೆಲ್ಲಕ್ಕೆ ಮರಣದಂಡನೆ ರದ್ದಾಗಲಿ ಎಂದು ಎ.ಪಿ. ಶಾ ನೇತೃತ್ವದ ಕಾನೂನು ಆಯೋಗ 2015ರಲ್ಲಿ ಹೇಳಿತು. ತಪ್ಪು ಮೊಕದ್ದಮೆಗೆ ಸಿಲುಕಿದವರಿಗೆ ಶಾಸನಬದ್ಧ ಪರಿಹಾರ ಸಿಗಬೇಕೆಂಬುದು 2018ರ 277ನೆಯ ವರದಿಯ ಶಿಫಾರಸು. 2023ರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಆ ವ್ಯವಸ್ಥೆ ಸೇರಲಿಲ್ಲ.